ಸಂಕಟದಲ್ಲಿರುವ ರೈತ ಕುಟುಂಬದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಆಸರೆ

(ರೈತರು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ವಿಸ್ತರಣಾ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳೆಗೆ ಕೀಟ ಬಿದ್ದಾಗ ಜಾಣ ರೈತನು ಹೊಲವೆಲ್ಲ ಹಾಳಾಗುವವರೆಗೆ ಕಾಯುವುದಿಲ್ಲ. ವಾರಕ್ಕೊಮ್ಮೆ ಹೊಲ ಸುತ್ತಿ, ಎಲೆ ಮಗುಚಿ ನೋಡಿ, ಮೊಟ್ಟೆಯ ಗುಂಪು ಕಂಡ ದಿನವೇ ಆ ಎಲೆಯನ್ನು ಕಿತ್ತು ನಾಶಪಡಿಸುತ್ತಾನೆ. ಖರ್ಚು ಕಡಿಮೆ, ಬೆಳೆಯೂ ಉಳಿಯುವುದು. ಊರಿನ ಸಂಸಾರಗಳ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಕಾಣುವುದು ಅಪರೂಪ. ಒಂದು ಮನೆ ಸಂಕಟಕ್ಕೆ ಸಿಕ್ಕಿದೆ ಎಂಬುದು ಹತ್ತಿರದವರಿಗೆಲ್ಲ ತಿಳಿದಿರುತ್ತದೆ. ಆದರೆ ಮನೆಯ ಯಜಮಾನ ಪ್ರಾಣ ಕಳೆದುಕೊಂಡ ಮೇಲೆ, ಹುಡುಗಿಯ ಮದುವೆ ಮುಗಿದ ಮೇಲೆ, ಹುಡುಗ ಊರು ಬಿಟ್ಟ ಮೇಲೆ ಕಚೇರಿಗಳಿಗೆ ಓಡಾಟ ಆರಂಭವಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

ಇಂಥ ಕುಟುಂಬಗಳಿಗೂ ಮಕ್ಕಳಿಗೂ ಸರ್ಕಾರದಿಂದ ದೊರೆಯುವ ನೆರವು ಇಲ್ಲವೆಂದಲ್ಲ. ಅದು ಹಲವು ಇಲಾಖೆಗಳಲ್ಲಿ ಹಂಚಿಹೋಗಿದೆ. ಹೆಚ್ಚಿನ ಕಚೇರಿಗಳು ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿವೆ. ಸಂಕಟದಲ್ಲಿರುವ ತಾಯಿಗೆ ಅಲ್ಲಿಯವರೆಗೆ ಹೋಗಿ ಬರುವ ಬಿಡುವೂ ಇರುವುದಿಲ್ಲ, ಯಾವ ಬಾಗಿಲು ತಟ್ಟಬೇಕೆಂಬ ತಿಳಿವಳಿಕೆಯೂ ಇರುವುದಿಲ್ಲ. ಆಕೆಯ ಮನೆಗೆ ತೀರ ಹತ್ತಿರವಾದ ಸರ್ಕಾರವೆಂದರೆ ಗ್ರಾಮ ಪಂಚಾಯಿತಿ. ಕಷ್ಟದ ಮೊದಲ ಗುರುತು ಕಂಡಾಗಲೇ ಆ ಮನೆಯ ಹೆಸರು ಪಂಚಾಯಿತಿಯ ಗಮನಕ್ಕೆ ಬಂದರೆ ಉಳಿದ ಬಾಗಿಲುಗಳು ತೆರೆಯುವುದು ಸುಲಭ. ಈ ಭಾಷಣದ ಮುಖ್ಯ ವಿಷಯ ಇದೇ.

ಪಂಚಾಯಿತಿಗೆ ಈ ಹೊಣೆ ಹೇಗೆ ಬಂತು?

ಪಂಚಾಯಿತಿಯ ಕೆಲಸವೆಂದರೆ ರಸ್ತೆ, ಚರಂಡಿ, ಬೀದಿ ದೀಪ, ಕುಡಿಯುವ ನೀರು ಎಂಬ ಭಾವನೆ ಅನೇಕರಲ್ಲಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು 11ನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಕೃಷಿ, ಸಣ್ಣ ನೀರಾವರಿ, ಪಶುಸಂಗೋಪನೆಗಳ ಜೊತೆಯಲ್ಲಿಯೇ ಶಿಕ್ಷಣ, ಗ್ರಂಥಾಲಯ, ಮಹಿಳೆಯರ ಮತ್ತು ಮಕ್ಕಳ ಅಭಿವೃದ್ಧಿ, ಸಮಾಜ ಕಲ್ಯಾಣ, ದುರ್ಬಲ ವರ್ಗಗಳ ಕ್ಷೇಮ ಇವೂ ಆ ಪಟ್ಟಿಯಲ್ಲಿವೆ. ಅದೇ ವರ್ಷದ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಇರತಕ್ಕದ್ದು. ಹಲವು ಊರುಗಳಲ್ಲಿ ಈ ಸಮಿತಿ ಕಾಗದದ ಮೇಲೆ ಮಾತ್ರ ಇರುವುದುಂಟು. ಅದನ್ನು ಕೆಲಸಕ್ಕೆ ಹಚ್ಚಿದರೆ ಬೇರೆ ಹೊಸ ಸಮಿತಿ ಬೇಕಾಗುವುದಿಲ್ಲ.

2015ರ ಬಾಲನ್ಯಾಯ ಕಾಯಿದೆಯು 18 ವರ್ಷ ತುಂಬದ ಪ್ರತಿಯೊಬ್ಬರನ್ನೂ ಮಗುವೆಂದೇ ಪರಿಗಣಿಸುತ್ತದೆ. ಕಾನೂನಿಗೆ ವಿರುದ್ಧವಾಗಿ ದುಡಿಮೆಗೆ ಹಚ್ಚಲ್ಪಟ್ಟ ಮಗು, ಭಿಕ್ಷೆ ಬೇಡುವ ಮಗು, ನೋಡಿಕೊಳ್ಳಲು ತಂದೆತಾಯಿಗಳಿಗೆ ಶಕ್ತಿಯಿಲ್ಲದ ಮಗು, ವಯಸ್ಸಿಗೆ ಮೊದಲೇ ಮದುವೆಯಾಗುವ ಅಪಾಯದಲ್ಲಿರುವ ಮಗು, ಇವರೆಲ್ಲರೂ ಈ ಕಾಯಿದೆಯ ಪ್ರಕಾರ ಪೋಷಣೆ ಮತ್ತು ರಕ್ಷಣೆಗೆ ಅರ್ಹರು. ಇಂಥ ಮಕ್ಕಳ ವಿಷಯವನ್ನು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಇದರಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ರಕ್ಷಿಸಿದ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಈ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯ ತೀರ್ಮಾನಗಳನ್ನು ಜಾರಿಗೆ ತರಲು, ನೆರವು ಒದಗಿಸಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ.

ಒಂದು ಕುಟುಂಬದ ಉದಾಹರಣೆ

ವಿಷಯ ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಹಾವೇರಿ ಕಡೆಯ ಒಂದು ಊರಿನಲ್ಲಿ ಮೂರು ಎಕರೆ ಒಣಬೇಸಾಯದ ಜಮೀನು. ಮೆಕ್ಕೆಜೋಳವೇ ಆಧಾರ. ಕೊರೆಸಿದ ಬೋರ್‌ವೆಲ್‌ನಲ್ಲಿ ನೀರು ಬೀಳಲಿಲ್ಲ, ಸಾಲ ಉಳಿಯಿತು. ಯಜಮಾನ ಕಾಯಿಲೆಯಿಂದ ತೀರಿಕೊಂಡ. ಮನೆಯಲ್ಲಿ ಈಗ ಮುದಿ ಅತ್ತೆ, ವಿಧವೆ ಸೊಸೆ, 16 ವರ್ಷದ ಮಗ, 13 ವರ್ಷದ ಮಗಳು. ಮಗ ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾಗಿ ಮನೆಯಲ್ಲಿದ್ದಾನೆ. ಮಗಳು ಎಂಟನೆಯ ತರಗತಿ. ಪಹಣಿ ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ.

ಇಂಥ ಮನೆ ಇಲ್ಲದ ಊರು ಬಯಲುಸೀಮೆಯಲ್ಲಿ ಸಿಗುವುದು ಕಷ್ಟ. ಮುಂದೆ ಏನಾಗಬಹುದೆಂಬುದನ್ನೂ ಊಹಿಸುವುದು ಕಷ್ಟವಲ್ಲ. ಮೊದಲು ಮಗಳು ಕೂಲಿಗೆ ಹೋಗುತ್ತಾಳೆ. ಆಮೇಲೆ ಮಗ ದೂರದ ಊರಿಗೆ ದುಡಿಯಲು ಹೋಗುತ್ತಾನೆ. ವರ್ಷ ಎರಡು ವರ್ಷದಲ್ಲಿ “ಒಳ್ಳೆಯ ಕಡೆಯ ಸಂಬಂಧ, ವರದಕ್ಷಿಣೆ ಬೇಡವೆನ್ನುತ್ತಾರೆ” ಎಂದು ಯಾರೋ ಬರುತ್ತಾರೆ. ಪ್ರತಿ ಹೆಜ್ಜೆಯಲ್ಲಿಯೂ ತಡೆಯುವ ದಾರಿ ಇದೆ. ಒಂದೊಂದಾಗಿ ನೋಡುವುದು ಒಳ್ಳೆಯದು.

ಮೊದಲ ಗುರುತು ಹಾಜರಿ ಪುಸ್ತಕದಲ್ಲಿ

ಮನೆಯ ಕಷ್ಟ ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುವುದು ಶಾಲೆಯ ಹಾಜರಿ ಪುಸ್ತಕದಲ್ಲಿ. ಬ್ಯಾಂಕಿನ ನೋಟೀಸಿಗಿಂತ ಮುಂಚೆಯೇ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳತೊಡಗುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು 2013ರಲ್ಲಿ ರಾಜ್ಯದ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡು ವಿಚಾರಣೆ ನಡೆಸಿತು. ಆದರೂ ಹೆಸರು ಪುಸ್ತಕದಲ್ಲಿದ್ದು ಮಗು ಹೊಲದಲ್ಲಿರುವ ಸ್ಥಿತಿ ಪೂರ್ತಿಯಾಗಿ ಹೋಗಿಲ್ಲ.

ಪಂಚಾಯಿತಿ ಸದಸ್ಯನು ತನ್ನ ವಾರ್ಡಿನ ಶಾಲೆಗೆ ವಾರಕ್ಕೊಮ್ಮೆ ಹೋಗಿ, ಸತತವಾಗಿ ಏಳು ದಿನ ಬಾರದ ಮಕ್ಕಳ ಹೆಸರನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಬರೆದುಕೊಳ್ಳುವುದು ದೊಡ್ಡ ಕೆಲಸವಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪೋಷಕರೂ ಇದನ್ನು ಮಾಡಬಹುದು. ಹೆಸರು ಸಿಕ್ಕ ಮೇಲೆ ಆ ಮನೆಗೆ ಹೋಗಬೇಕು. ಗದರಿಸಲು ಹೋಗಬಾರದು. ಜ್ವರವೇ, ಬಟ್ಟೆಯಿಲ್ಲವೇ, ತಮ್ಮನನ್ನು ನೋಡಿಕೊಳ್ಳಬೇಕೇ, ಕೂಲಿಯೇ ಎಂಬುದನ್ನು ತಿಳಿದು ಬರಬೇಕು. ಕಾರಣ ತಿಳಿಯದೆ ಕೊಟ್ಟ ನೆರವು ರೋಗ ಗೊತ್ತಿಲ್ಲದೆ ಹೊಡೆದ ಔಷಧಿಯಂತೆ ವ್ಯರ್ಥ.

ಚಿಕ್ಕ ಮಗುವನ್ನು ನೋಡಿಕೊಳ್ಳಲು ಅಕ್ಕ ಶಾಲೆ ಬಿಡುವುದು ಸಾಮಾನ್ಯ. ಅಂಗನವಾಡಿಯಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಆಟ, ಪಾಠ, ಊಟದ ವ್ಯವಸ್ಥೆಯಿದೆ. ಮೂರು ವರ್ಷದೊಳಗಿನ ಕೂಸುಗಳಿಗಾಗಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಗಮನದಲ್ಲಿಟ್ಟುಕೊಂಡು, 2023–24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಕಾರ್ಯಕ್ರಮ ಆರಂಭವಾಯಿತು. ಕೂಸನ್ನು ನೋಡಿಕೊಳ್ಳುವ ಜಾಗ ಊರಿನಲ್ಲಿದ್ದರೆ ಅಕ್ಕ ಶಾಲೆಯಲ್ಲಿ ಉಳಿಯುತ್ತಾಳೆ.

ಬೀಜೋತ್ಪಾದನೆಯ ಹೊಲ ಮತ್ತು ಮಕ್ಕಳ ಕೈ

ಈ ಮಾತು ರೈತರಿಗೇ ಸಂಬಂಧಿಸಿದ್ದು. 1972ರಲ್ಲಿ ಧಾರವಾಡದಿಂದ ‘ವರಲಕ್ಷ್ಮಿ’ ಹತ್ತಿ ಹೊರಬಂತು. 1981ರಲ್ಲಿ ‘ಡಿಸಿಎಚ್-32’ ಬಂತು. ಸಂಕರಣ ಹತ್ತಿಯಿಂದ ರೈತರ ಆದಾಯ ಹೆಚ್ಚಿದುದು ನಿಜ. ಜೊತೆಗೆ ಹತ್ತಿ ಬೀಜೋತ್ಪಾದನೆಯೂ ಉತ್ತರ ಕರ್ನಾಟಕದಲ್ಲಿ ಹಬ್ಬಿತು. ಊರಿನವರು ‘ಕ್ರಾಸಿಂಗ್’ ಎನ್ನುವ ಈ ಕೆಲಸ ಪೂರ್ತಿ ಕೈಯಿಂದಲೇ ಆಗಬೇಕು. ಮರುದಿನ ಅರಳುವ ಮೊಗ್ಗನ್ನು ಹಿಂದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಆರಿಸಿ, ಅದರ ಗಂಡು ಭಾಗವನ್ನು ತೆಗೆದು ಮುಚ್ಚಬೇಕು. ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ತಂದು ಸವರಬೇಕು. ಹೂ ಬಿಡುವ ಕಾಲದಲ್ಲಿ ಒಂದು ದಿನವೂ ತಪ್ಪುವಂತಿಲ್ಲ.

ಈ ಎರಡು ಹೊತ್ತುಗಳೂ ಶಾಲೆಯ ಹೊತ್ತುಗಳೇ. ಬೆಳಗಿನ ಗಂಟೆ ಬಾರಿಸುವಾಗ ಮಗು ಪರಾಗ ಸವರುತ್ತಿರುತ್ತದೆ, ಮಧ್ಯಾಹ್ನದ ಪಾಠದ ವೇಳೆಗೆ ಮತ್ತೆ ಮೊಗ್ಗಿನ ಮುಂದೆ ನಿಂತಿರುತ್ತದೆ. ಇಂಥ ದಿನಗಳು ವಾರಗಟ್ಟಲೆ ನಡೆಯುತ್ತವೆ. ಹೊಲ ಮುಗಿದ ಮೇಲೆ ಶಾಲೆಗೆ ಮರಳಿದ ಮಗುವಿಗೆ ಪಾಠ ಹಿಡಿಯುವುದಿಲ್ಲ, ಮನಸ್ಸೂ ನಿಲ್ಲುವುದಿಲ್ಲ. ಮಕ್ಕಳ ಎತ್ತರ ಗಿಡಕ್ಕೆ ಸರಿಯಾಗುತ್ತದೆ, ಬೆರಳು ಸಣ್ಣವು, ಹೂ ಮುರಿಯುವುದಿಲ್ಲ ಎಂಬ ಮಾತು ಕೇಳಿಬರುವುದುಂಟು. ದೊಡ್ಡವರಿಗೆ ಕಲಿಸಿದರೆ ಅದೇ ಕೆಲಸ ಅಷ್ಟೇ ಅಚ್ಚುಕಟ್ಟಾಗಿ ಆಗುತ್ತದೆ. ವ್ಯತ್ಯಾಸವಿರುವುದು ಕೂಲಿಯ ದರದಲ್ಲಿ.

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಬೇಸಾಯವೂ ಇದಕ್ಕೆ ಹೊರತಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯ ಅಪಾಯವಿಲ್ಲದ ಕೆಲಸಕ್ಕೆ ನೆರವಾಗುವುದಕ್ಕೆ ಮಾತ್ರ ಅವಕಾಶವಿದೆ. ಬೇರೆಯವರ ಹೊಲದಲ್ಲಿ ದುಡಿಸಿಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ, ಇಲ್ಲವೆ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಿತ್ತನೆಗೆ ಮುಂಚೆಯೇ ಪಂಚಾಯಿತಿಯು ಬೀಜೋತ್ಪಾದಕ ರೈತರ ಸಭೆ ಕರೆದು, ಮಕ್ಕಳನ್ನು ಇಟ್ಟುಕೊಳ್ಳುವುದಿಲ್ಲವೆಂಬ ಒಪ್ಪಂದ ಮಾಡಿಸಿದರೆ ದಂಡದ ಮಾತೇ ಬಾರದು. ಸ್ತ್ರೀಶಕ್ತಿ ಗುಂಪಿನ ಮಹಿಳೆಯರಿಗೆ ಕ್ರಾಸಿಂಗ್ ತರಬೇತಿ ಕೊಡಿಸುವ ಕೆಲಸದಲ್ಲಿ ವಿಸ್ತರಣಾ ಕಾರ್ಯಕರ್ತರು ಕೈಜೋಡಿಸಬಹುದು.

ತಾಯಿಯ ಕೈಗೆ ಹಣ

ಮಗುವನ್ನು ಶಾಲೆಗೆ ಕಳಿಸು ಎಂದರೆ ಸಾಲದು. ಮಗು ತರುತ್ತಿದ್ದ ಕೂಲಿಯ ಜಾಗದಲ್ಲಿ ಏನಾದರೂ ಬರಬೇಕು. 2022ರಿಂದ ಜಾರಿಯಲ್ಲಿರುವ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವು ಇದೆ. ಮಗುವನ್ನು ಅನಾಥಾಲಯಕ್ಕೆ ಸೇರಿಸದೆ ಮನೆಯಲ್ಲಿಯೇ ಬೆಳೆಸಲು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡಲಾಗುತ್ತದೆ. ವಿಧವೆಯರ, ಪತಿ ತ್ಯಜಿಸಿದ ಮಹಿಳೆಯರ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು, ಮಾರಕ ಕಾಯಿಲೆಗೆ ತುತ್ತಾದ ಅಥವಾ ದುಡಿಯಲಾಗದ ತಂದೆತಾಯಿಗಳ ಮಕ್ಕಳು ಇದಕ್ಕೆ ಅರ್ಹರು. ಹಳ್ಳಿಗಳಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು.

ಮೇಲಿನ ಉದಾಹರಣೆಯ ತಾಯಿ ಈ ನೆರವಿಗೆ ಅರ್ಜಿ ಹಾಕಬಹುದು. ಅರ್ಜಿ ಹೋಗಬೇಕಾದುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಂದೆಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಗುವಿನ ವ್ಯಾಸಂಗ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ ಇವುಗಳನ್ನು ಮೊದಲೇ ಕೂಡಿಸಿಟ್ಟುಕೊಳ್ಳಬೇಕು. ಆಕೆಗೆ ವಿಧವಾ ವೇತನ, ಅತ್ತೆಗೆ ವಯಸ್ಸಿಗೆ ತಕ್ಕ ವೃದ್ಧಾಪ್ಯ ವೇತನ, ಇವಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಪಂಚಾಯಿತಿಯ ಸಿಬ್ಬಂದಿ ಒಂದೇ ಬಾರಿಗೆ ಕುಳಿತು ಈ ಕಾಗದಗಳನ್ನು ಸಿದ್ಧಪಡಿಸಿಕೊಟ್ಟರೆ ಆಕೆಯ ಎಷ್ಟೋ ದಿನದ ಕೂಲಿ ಉಳಿಯುವುದು.

ಪಹಣಿಯ ವಿಷಯ ಇನ್ನೂ ಮುಖ್ಯ. ಜಮೀನು ಅಜ್ಜನ ಹೆಸರಿನಲ್ಲಿಯೇ ಉಳಿದರೆ ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಎಲ್ಲದರಲ್ಲಿಯೂ ತೊಡಕು. ಹಿರಿಯರು ತೀರಿಕೊಂಡ ಕೂಡಲೇ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರ ನಡುವೆ ಮನಸ್ತಾಪವಿದೆಯೆಂದು ಇದನ್ನು ಮುಂದಕ್ಕೆ ಹಾಕಿದ ಮನೆಗಳಲ್ಲಿ ಕೊನೆಗೆ ನಷ್ಟವಾಗುವುದು ವಿಧವೆಗೂ ಮಕ್ಕಳಿಗೂ. ವ್ಯಾಜ್ಯವಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುವುದು.

ಬಾಲ್ಯವಿವಾಹ

ಬಡತನವಿದ್ದ ಮನೆಯಲ್ಲಿ ಹುಡುಗಿಯ ಮದುವೆ ಬೇಗ ಮುಗಿಸಿಬಿಡುವ ಆತುರ ಹೆಚ್ಚು. ಬಾಯಿ ಒಂದು ಕಡಿಮೆಯಾಗುತ್ತದೆ, ಜವಾಬ್ದಾರಿ ಇಳಿಯುತ್ತದೆ ಎಂಬ ಎಣಿಕೆ. ತಾಯಿಯಾಗುವ ಶಕ್ತಿ ದೇಹಕ್ಕೆ ಬರುವ ಮುನ್ನವೇ ಬಸಿರಾದರೆ ತಾಯಿಗೂ ಕೂಸಿಗೂ ಅಪಾಯ. ವಿದ್ಯೆಯೂ ಅಲ್ಲಿಗೇ ನಿಲ್ಲುವುದು.

2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ದೇಶದ ಕಾಯಿದೆಯಲ್ಲಿ ಸಾಮಾನ್ಯವಾಗಿ ಇಂಥ ಮದುವೆಯನ್ನು ರದ್ದುಪಡಿಸಬೇಕಾದರೆ ಬಾಲ್ಯದಲ್ಲಿ ಮದುವೆಯಾದವರು ನ್ಯಾಯಾಲಯಕ್ಕೆ ಹೋಗಬೇಕಿತ್ತು. ಕರ್ನಾಟಕವು 2016ರ ತಿದ್ದುಪಡಿಯಿಂದ ಒಂದು ಹೆಜ್ಜೆ ಮುಂದೆ ಹೋಯಿತು. ಈ ರಾಜ್ಯದಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಮದುವೆ ಮಾಡಿಸಿದವರು, ಪ್ರೋತ್ಸಾಹಿಸಿದವರು, ತಿಳಿದೂ ಪಾಲ್ಗೊಂಡವರು ಶಿಕ್ಷೆಗೆ ಗುರಿಯಾಗುತ್ತಾರೆ. ಸಜೆ ಎರಡು ವರ್ಷದವರೆಗೆ, ದಂಡ ಒಂದು ಲಕ್ಷ ರೂಪಾಯಿವರೆಗೆ ಇರಬಹುದು. ತಾಲ್ಲೂಕು ಮಟ್ಟದ ಅಧಿಕಾರಿಗಳಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರೆಗೆ ಹಲವರನ್ನು ಬಾಲ್ಯವಿವಾಹ ನಿಷೇಧಾಧಿಕಾರಿಗಳೆಂದು ಸರ್ಕಾರ ನೇಮಿಸಿದೆ. ಹಂದರ ಹಾಕುವ ಮುನ್ನವೇ ಸುದ್ದಿ ತಿಳಿದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರುವುದಕ್ಕೂ ಅವಕಾಶವಿದೆ.

2006–07ರಲ್ಲಿ ಆರಂಭವಾದ ‘ಭಾಗ್ಯಲಕ್ಷ್ಮಿ’ ಯೋಜನೆಯಲ್ಲಿ ಹೆಸರು ನೋಂದಾಯಿಸಿದ ಹೆಣ್ಣುಮಕ್ಕಳು 18 ವರ್ಷಕ್ಕೆ ಮೊದಲೇ ಮದುವೆಯಾದರೆ ಆ ಹಣಕ್ಕೆ ಅರ್ಹತೆ ಕಳೆದುಕೊಳ್ಳುತ್ತಾರೆ. ಇದನ್ನು ತಂದೆತಾಯಿಗಳಿಗೆ ತಿಳಿಸಬೇಕು.

ಮದುವೆ ನಿಲ್ಲಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಇಂದು ನಿಂತ ಮದುವೆ ಮುಂದಿನ ತಿಂಗಳು ಬೇರೆ ಊರಿನ ನೆಂಟರ ಮನೆಯಲ್ಲಿ ಗುಟ್ಟಾಗಿ ನಡೆಯುವುದುಂಟು. ಆ ಹುಡುಗಿಯನ್ನು ಹಾಸ್ಟೆಲ್ಲಿಗೋ ವಸತಿ ಶಾಲೆಗೋ ಸೇರಿಸಿ, ತಿಂಗಳಿಗೊಮ್ಮೆಯಾದರೂ ವಿಚಾರಿಸಿಕೊಳ್ಳುವವರು ಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಇಬ್ಬರಲ್ಲಿ ಒಬ್ಬರಿಗೆ ಪಂಚಾಯಿತಿಯು ಈ ಕೆಲಸವನ್ನು ಹೆಸರು ಹೇಳಿ ವಹಿಸಬೇಕು.

ಗಂಡುಮಕ್ಕಳನ್ನೂ ಮರೆಯಬಾರದು

ರಕ್ಷಣೆಯ ಮಾತು ಬಂದಾಗ ಹೆಣ್ಣುಮಕ್ಕಳ ನೆನಪಾಗುವಷ್ಟು ಗಂಡುಮಕ್ಕಳ ನೆನಪಾಗುವುದಿಲ್ಲ. ಹದಿನಾರರ ಹುಡುಗ ದೊಡ್ಡವನಂತೆ ಕಾಣುತ್ತಾನೆ. ಟ್ರ್ಯಾಕ್ಟರ್ ಕೊಟ್ಟರೆ ಓಡಿಸುತ್ತಾನೆ, ಬೋರ್ ಲಾರಿಯ ಜೊತೆ ಹೋಗುತ್ತಾನೆ, ಸಂಜೆ ದೊಡ್ಡವರ ಜೊತೆ ಕೂತು ಕುಡಿಯುವುದನ್ನೂ ಕಲಿಯುತ್ತಾನೆ. ಕಾನೂನಿನ ಕಣ್ಣಿಗೆ ಅವನಿನ್ನೂ ಮಗು. 18 ವರ್ಷದೊಳಗಿನವನು ವಾಹನ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ಮಗುವಿಗೆ ಮದ್ಯ ಅಥವಾ ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಇದೆ.

ದಂಡದ ಭಯವೊಂದೇ ಹುಡುಗನನ್ನು ಉಳಿಸಲಾರದು. ನಪಾಸಾದವನಿಗೆ ಅದೇ ವರ್ಷ ಎಸ್‌ಎಸ್‌ಎಲ್‌ಸಿ ಮತ್ತೆ ಬರೆಯುವ ಅವಕಾಶವಿದೆ ಎಂಬುದು ಅನೇಕ ಮನೆಗಳಿಗೆ ತಿಳಿದಿಲ್ಲ. ಫಲಿತಾಂಶ ಬಂದ ವಾರದಲ್ಲಿಯೇ ಪಂಚಾಯಿತಿಯು ನಪಾಸಾದವರ ಪಟ್ಟಿ ತರಿಸಿ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸಂಜೆ ಕೂತು ಓದುವ ಏರ್ಪಾಡು ಮಾಡಬಹುದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಹಳ್ಳಿಯ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವ ಉಚಿತ. ಊರಿನಲ್ಲಿ ಪದವಿ ಓದಿದ ಯುವಕ ಯುವತಿಯರು ವಾರಕ್ಕೆರಡು ಸಂಜೆ ಗಣಿತ, ಇಂಗ್ಲಿಷ್ ಹೇಳಿಕೊಟ್ಟರೆ ಅದಕ್ಕಿಂತ ದೊಡ್ಡ ಊರ ಸೇವೆ ಇಲ್ಲ.

18 ತುಂಬಿದವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯೇ ಮುಂದೆ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಗ್ರಾಮೀಣ ಯುವಕರಿಗೆ ಜೇನು, ಅಣಬೆ, ಕೋಳಿ, ಸಸಿಮಡಿ ಮುಂತಾದ ತರಬೇತಿಗಳು ನಡೆಯುತ್ತವೆ. ಯಾವ ತರಬೇತಿ ಎಂದು ಆರಂಭ ಎಂಬ ಚೀಟಿ ಪಂಚಾಯಿತಿಯ ಫಲಕದಲ್ಲಿದ್ದರೆ ಸಾಕು, ಬೇಕಾದವರು ತಾವಾಗಿಯೇ ವಿಚಾರಿಸುವರು.

ಸಾಲ ಮತ್ತು ಮನಸ್ಸಿನ ಭಾರ

ಮಕ್ಕಳನ್ನು ಉಳಿಸಬೇಕಾದರೆ ಮನೆಯ ಹಿರಿಯರನ್ನೂ ಉಳಿಸಬೇಕು. ಸದಾ ಮಾತಾಡುತ್ತಿದ್ದವನು ಮೌನವಾದರೆ, ಊಟ ನಿದ್ದೆ ಬಿಟ್ಟರೆ, “ನಾನಿದ್ದೇನು ಪ್ರಯೋಜನ” ಎಂಬ ಮಾತು ಬಾಯಿಯಿಂದ ಬಂದರೆ ಅದನ್ನು ಬರೀ ಬೇಸರವೆಂದು ತಳ್ಳಿಹಾಕಬಾರದು. ಹತ್ತಿರ ಕೂತು ಕೇಳಬೇಕು, ಒಬ್ಬನೇ ಇರಲು ಬಿಡಬಾರದು, ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಳೆಗೆ ಹೊಡೆಯುವ ಔಷಧಿಗಳನ್ನು ಮನೆಯೊಳಗೆ ಇಡದೆ, ಬೇರೆಡೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಬೇರೊಬ್ಬರ ಬಳಿ ಇಡುವುದು ಪ್ರತಿ ರೈತ ಮನೆಗೂ ಅವಶ್ಯಕ. ಆತುರದ ಒಂದು ಗಳಿಗೆ ದಾಟಿದರೆ ಜೀವ ಉಳಿಯುವುದು.

ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿಕೊಟ್ಟ ಕೆಲಸ ಕರ್ನಾಟಕದಲ್ಲಿಯೇ ನಡೆಯಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ‘ಟೆಲಿ ಮನಸ್’ ದೂರವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ ಸಲಹೆ ದೊರೆಯುತ್ತದೆ. ಕನ್ನಡದಲ್ಲಿಯೇ ಮಾತಾಡಬಹುದು. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ.

ಸಾಲ ವಸೂಲಿಗೆಂದು ಮನೆ ಬಾಗಿಲಲ್ಲಿ ನಿಂತು ಬಯ್ಯುವುದು, ಬೆದರಿಸುವುದು, ಸಾಮಾನು ಎಳೆದೊಯ್ಯುವುದು ಅಪರಾಧ. ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ದೂರನ್ನು ಪೊಲೀಸ್ ಠಾಣೆಯಲ್ಲಿ ಕೊಡಬಹುದು. ನಾಲ್ಕು ಜನ ನೆರೆಯವರು ಜೊತೆಗೆ ಹೋದರೆ ಆ ಮನೆಯವರಿಗೆ ಧೈರ್ಯ.

ಸಾಲದ ಬಾಧೆಯಿಂದ ರೈತ ಪ್ರಾಣ ಕಳೆದುಕೊಂಡ ಕುಟುಂಬಕ್ಕೆ 2015ರಲ್ಲಿ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ ಇದನ್ನು ತೀರ್ಮಾನಿಸುತ್ತದೆ. ಪಹಣಿ, ಸಾಲದ ದಾಖಲೆ, ಪೊಲೀಸ್ ಮತ್ತು ಶವಪರೀಕ್ಷೆಯ ವರದಿಗಳನ್ನು ಸಮಿತಿ ಪರಿಶೀಲಿಸುತ್ತದೆ. ಅಂಥ ದಿನ ಯಾವ ಮನೆಗೂ ಬಾರದಿರಲಿ. ಬಂದರೆ ಕಾಗದ ಕೂಡಿಸುವ ಭಾರ ವಿಧವೆಯ ಮೇಲೆ ಬೀಳದಂತೆ ಪಂಚಾಯಿತಿ ನೋಡಿಕೊಳ್ಳಬೇಕು. ಆ ಮನೆಯ ಮಕ್ಕಳ ಪ್ರಾಯೋಜಕತ್ವದ ಅರ್ಜಿಯೂ ಜೊತೆಯಲ್ಲಿಯೇ ಹೋಗಬೇಕು.

ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮಗಳು

1. ಸಾಮಾಜಿಕ ನ್ಯಾಯ ಸಮಿತಿಯು ತಿಂಗಳಿಗೊಮ್ಮೆ ಸೇರಿ, ಮುಖ್ಯೋಪಾಧ್ಯಾಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಕರೆಸಿ, ಗೈರುಹಾಜರಾದ ಮಕ್ಕಳ ಹಾಗೂ ಸಂಕಟದಲ್ಲಿರುವ ಮನೆಗಳ ವಿಷಯ ಕೇಳಬೇಕು.

2. ಇದಕ್ಕಾಗಿ ಒಂದು ಪುಸ್ತಕ ಇಡಬೇಕು. ಮನೆಯ ಹೆಸರು, ಕಷ್ಟದ ಕಾರಣ, ಯಾವ ಕಚೇರಿಗೆ ಎಂದು ಬರೆಯಲಾಯಿತು, ಉತ್ತರ ಏನು ಬಂತು ಎಂಬುದನ್ನು ಬರೆಯಬೇಕು.

3. ಈ ಹೆಸರುಗಳನ್ನು ಗ್ರಾಮಸಭೆಯಲ್ಲಿ ಬಹಿರಂಗವಾಗಿ ಓದಬಾರದು. ಸಭೆಯಲ್ಲಿ ಹೆಸರು ಬಿದ್ದ ಮನೆ ಮುಂದೆ ನೆರವನ್ನೇ ಕೇಳದು.

4. ಮಕ್ಕಳ ಗ್ರಾಮಸಭೆಯನ್ನು ಲೆಕ್ಕಕ್ಕೆಂದು ನಡೆಸಬಾರದು. ಶಾಲೆಯ ದಾರಿಯಲ್ಲಿ ಕುಡುಕರ ಕಾಟ, ಬಸ್ಸಿನ ಸಮಯ, ಶೌಚಾಲಯದ ಬಾಗಿಲು, ಇವುಗಳನ್ನು ಮಕ್ಕಳೇ ಹೇಳಬಲ್ಲರು. ಹೇಳಿದ್ದಕ್ಕೆ ಮುಂದಿನ ಸಭೆಯೊಳಗೆ ಉತ್ತರ ಕೊಡಬೇಕು.

5. ದುಡಿಯಲು ಬೇರೆ ಊರಿಗೆ ಹೋಗುವ ಕುಟುಂಬಗಳ ಮಕ್ಕಳನ್ನು ಹೊರಡುವ ಮುನ್ನವೇ ಹಾಸ್ಟೆಲ್ಲಿನಲ್ಲಿ ಅಥವಾ ಬಂಧುಗಳ ಬಳಿ ಉಳಿಸಿ ಓದಿಸುವ ಏರ್ಪಾಡಿಗೆ ಪ್ರಯತ್ನಿಸಬೇಕು.

6. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112, ಟೆಲಿ ಮನಸ್ 14416, ಕಾನೂನು ನೆರವಿನ 15100 ಇವನ್ನು ಶಾಲೆ, ಡೈರಿ, ಸೊಸೈಟಿ, ರೈತ ಸಂಪರ್ಕ ಕೇಂದ್ರ, ಪಡಿತರ ಅಂಗಡಿಗಳ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು. 1996ರಲ್ಲಿ ಮುಂಬೈಯಲ್ಲಿ ಆರಂಭವಾದ 1098 ಸೇವೆಯನ್ನು 2023ರಿಂದ ಸರ್ಕಾರವೇ ವಹಿಸಿಕೊಂಡು 112ರೊಡನೆ ಜೋಡಿಸಿದೆ.

ಅಡಚಣೆಗಳು

ಅರ್ಜಿ ಹಾಕಿದ ಮಾತ್ರಕ್ಕೆ ಹಣ ಬರುವುದೆಂದು ಯಾರಿಗೂ ಭರವಸೆ ಕೊಡಬಾರದು. ಪ್ರಾಯೋಜಕತ್ವಕ್ಕೆ ಅನುದಾನದ ಮಿತಿಯಿದೆ. ಇಡೀ ಜಿಲ್ಲೆಗೆ ಮಕ್ಕಳ ರಕ್ಷಣಾ ಘಟಕ ಒಂದೇ, ಕೆಲಸಗಾರರು ಕೆಲವೇ ಮಂದಿ. ಒಂದು ಕಾಗದ ಕಡಿಮೆಯಿದ್ದರೆ ಕಡತ ಹಿಂದಿರುಗುತ್ತದೆ. ವಿಧವೆ ಒಬ್ಬಳೇ ಹೋದರೆ “ನಾಳೆ ಬಾ” ಎಂಬ ಮಾತು ಕೇಳುವುದು ಸುಲಭ. ಪಂಚಾಯಿತಿಯು ಪತ್ರ ಬರೆದು, ತಲುಪಿದ ಗುರುತು ಪಡೆದು, ಹದಿನೈದು ದಿನಕ್ಕೊಮ್ಮೆ ನೆನಪಿಸುತ್ತಿದ್ದರೆ ಅದೇ ಕಡತ ಮುಂದೆ ಸಾಗುತ್ತದೆ. ಈ ಕಾರಣಕ್ಕಾಗಿಯೇ ಪುಸ್ತಕ ಬೇಕು.

ಇನ್ನೊಂದು ಅಡಚಣೆ ಊರಿನವರ ಮನಸ್ಸಿನಲ್ಲಿಯೇ ಇದೆ. “ಅವರ ಮನೆ ವಿಷಯ ನಮಗ್ಯಾಕೆ” ಎಂಬ ಸಂಕೋಚ ಒಂದು ಕಡೆ. ಮಗುವನ್ನು ದುಡಿಸಿಕೊಳ್ಳುವ ರೈತನೇ ಪಂಚಾಯಿತಿ ಸದಸ್ಯನ ಬೀಗನಾಗಿರುವುದು ಇನ್ನೊಂದು ಕಡೆ. ಮದುವೆ ತಡೆದರೆ ಓಟು ಹೋಗುವುದೆಂಬ ಭಯವೂ ಇದೆ. ಇಂಥ ಕಡೆ ಹೆಸರು ಹೇಳಲು ಹೆದರುವವರು 1098ಕ್ಕೆ ಕರೆ ಮಾಡಬಹುದು. ಪಕ್ಕದ ಹೊಲಕ್ಕೆ ಬೆಂಕಿ ಬಿದ್ದಾಗ ಬದುವಿನ ಆಚೆಗಿನದು ತನ್ನದಲ್ಲವೆಂದು ರೈತನು ಸುಮ್ಮನೆ ಕೂರುವುದಿಲ್ಲ. ಮಕ್ಕಳ ವಿಷಯದಲ್ಲಿಯೂ ಹಾಗೆಯೇ ನಡೆದುಕೊಳ್ಳತಕ್ಕದ್ದು.

ರೈತ ಬಾಂಧವರೇ, ಮೇಲೆ ಹೇಳಿದ ಕುಟುಂಬಕ್ಕೆ ಬೇಕಾದುದು ಬಹಳವಿಲ್ಲ. ಮಗಳ ಏಳು ದಿನದ ಗೈರುಹಾಜರಿಯನ್ನು ಒಬ್ಬರು ಗಮನಿಸಬೇಕು. ತಾಯಿಯ ನಾಲ್ಕು ಅರ್ಜಿಗಳನ್ನು ಒಬ್ಬರು ಬರೆದುಕೊಡಬೇಕು. ಮಗನನ್ನು ಮತ್ತೆ ಪರೀಕ್ಷೆಗೆ ಕೂರಿಸಬೇಕು. ಪಹಣಿ ಸರಿಯಾಗಬೇಕು. ಇದಕ್ಕೆ ತಗಲುವುದು ಪಂಚಾಯಿತಿಯ ಕೆಲವು ದಿನಗಳ ಕೆಲಸ. ಉಳಿಯುವುದು ಎರಡು ಮಕ್ಕಳ ಇಡೀ ಬಾಳು. ಬರುವ ಸೋಮವಾರ ಶಾಲೆಯ ಗಂಟೆ ಹೊಡೆದ ಮೇಲೆ ಪ್ರತಿ ವಾರ್ಡಿನ ಸದಸ್ಯರೂ ಒಮ್ಮೆ ಹಾಜರಿ ಪುಸ್ತಕ ತೆರೆಸಿ ನೋಡಲಿ. ಅಲ್ಲಿ ಕಂಡ ಮೊದಲ ಹೆಸರಿನಿಂದಲೇ ಕೆಲಸ ಆರಂಭವಾಗಲಿ.